ದಡದಿಂದ ಕಂಡ ಸೇತುವೆ

ಜೌನ್‌ಪುರದಲ್ಲಿ ಗೋಮತಿ ನದಿಗೆ ಕಟ್ಟಿದ ಕಲ್ಲಿನ ಸೇತುವೆಯ ಹಳೆಯ ಚಿತ್ರವೊಂದಿದೆ. ಮಸಿಯ ಬಣ್ಣ ಕಂದು. ದಪ್ಪ ದಪ್ಪ ಕಂಬಗಳು, ಅವುಗಳ ನಡುವೆ ಚೂಪು ತುದಿಯ ಕಮಾನುಗಳು, ಮೇಲೆ ಸಣ್ಣ ಸಣ್ಣ ಕಟ್ಟಡಗಳು, ಕೆಳಗೆ ನೀರು. ಇದನ್ನು ಬರೆದವನು ವಿಲಿಯಂ ಹಾಡ್ಜಸ್ ಎಂಬ ಇಂಗ್ಲಿಷ್ ಚಿತ್ರಕಾರ. 1780ರಿಂದ 1783ರವರೆಗೆ ಹಿಂದೂಸ್ತಾನದಲ್ಲಿದ್ದು, ಲಂಡನ್ನಿಗೆ ಮರಳಿದ ಮೇಲೆ ಆತ 'ಸೆಲೆಕ್ಟ್ ವ್ಯೂಸ್ ಇನ್ ಇಂಡಿಯಾ' ಎಂಬ ಹೆಸರಿನಲ್ಲಿ 48 ಚಿತ್ರಗಳನ್ನು ಕಂತುಕಂತಾಗಿ ಪ್ರಕಟಿಸಿದ. ಅವುಗಳಲ್ಲಿ ಇದೂ ಒಂದು. ಜೊತೆಗಿದ್ದ ವಿವರಣೆ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಇತ್ತು. ಯಾರ ಊರಿನ ಸೇತುವೆಯೋ ಅವರ ಭಾಷೆಯಲ್ಲಿ ಇರಲಿಲ್ಲ. ಇರಬೇಕೆಂದು ಆಗ ಯಾರಿಗೂ ಹೊಳೆದಿರಲಾರದು.

ಇಂಥ ಚಿತ್ರಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳಿವೆ. ಒಂದು, ಆಹಾ ಎನ್ನುವುದು. ಇನ್ನೊಂದು, ವಸಾಹತುಶಾಹಿಯ ಕಣ್ಣು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು. ಎರಡರಲ್ಲೂ ಚಿತ್ರವನ್ನು ನೋಡುವ ಶ್ರಮ ತಪ್ಪುತ್ತದೆ. ಹಾಡ್ಜಸ್‌ನ ಸೇತುವೆಯ ಎದುರು ನಾವು ಕೇಳಿಕೊಳ್ಳಬೇಕೆಂದಿರುವ ಪ್ರಶ್ನೆ ತೀರಾ ಸರಳವಾದದ್ದು: ಇದನ್ನು ಬರೆಯುವಾಗ ಆತ ಎಲ್ಲಿ ನಿಂತಿದ್ದ?

ದಡದಲ್ಲಿ ನಿಂತಿದ್ದ. ಬೇರೆ ದಾರಿಯೇ ಇರಲಿಲ್ಲ. ಸೇತುವೆಯ ಕಮಾನುಗಳು ಕಾಣಬೇಕಾದರೆ ಸೇತುವೆಯ ಮೇಲಿಂದ ಇಳಿದು ಪಕ್ಕಕ್ಕೆ ಬರಬೇಕು. ಅದರ ಮೇಲೆ ನಡೆದು ಹೋಗುವವನಿಗೆ ಕಮಾನು ಕಾಣುವುದಿಲ್ಲ, ಕಂಬ ಕಾಣುವುದಿಲ್ಲ; ಅವನಿಗೆ ಕಾಣುವುದು ಎದುರಿನ ದಾರಿ, ಎಡಬಲದ ಅಂಗಡಿ, ಮುಂದೆ ಹೋಗುತ್ತಿರುವ ಎತ್ತಿನಗಾಡಿಯ ಹಿಂಭಾಗ. ಸೇತುವೆಯ ಅಂದ ದಡದಲ್ಲಿದ್ದವನಿಗೆ, ಉಪಯೋಗ ದಾಟುವವನಿಗೆ. ಚಿತ್ರಕಾರನಿಗೆ ಆ ಹೊತ್ತಿನಲ್ಲಿ ದಾಟುವ ತುರ್ತು ಇಲ್ಲ. ಹಾಗಾಗಿಯೇ ಆತನಿಗೆ ಅದು ಚಿತ್ರವಾಗಿ ಕಂಡಿತು.

ಈ ಮಾತನ್ನು ಇಷ್ಟಕ್ಕೇ ಬಿಡುವಂತಿಲ್ಲ. ಏಕೆಂದರೆ ಅದೇ ದಡದಲ್ಲಿ ಆತನಿಗಿಂತ ಇನ್ನೂರು ವರ್ಷ ಹಿಂದೆ ಇನ್ನೊಬ್ಬರು ನಿಂತಿದ್ದರೆಂದು ಜೌನ್‌ಪುರದ ಜನ ಹೇಳುತ್ತಾರೆ. ಅದೊಂದು ಕಥೆ, ದಾಖಲೆಯಲ್ಲ. ಅಕ್ಬರ್ ಬಾದಶಹ ಜೌನ್‌ಪುರಕ್ಕೆ ಬಂದಿದ್ದಾಗ ಒಂದು ಸಂಜೆ ನದಿಯ ಬಳಿ ಒಬ್ಬ ಬಡ ವಿಧವೆ ಅಳುತ್ತ ಕುಳಿತಿದ್ದಳಂತೆ. ದೋಣಿ ಹೋಗಿಬಿಟ್ಟಿದೆ, ಮನೆ ಆಚೆ ದಡದಲ್ಲಿದೆ. ಬಾದಶಹ ತನ್ನ ದೋಣಿಯಲ್ಲಿ ಅವಳನ್ನು ದಾಟಿಸಿದ. ಆಮೇಲೆ ತನ್ನ ಅಮೀರ ಮುನೀಮ್ ಖಾನನನ್ನು ಕರೆದು, ಬೇರೆ ಕಟ್ಟಡಗಳು ಇರಲಿ, ಮೊದಲು ಇಲ್ಲೊಂದು ಪುಲ್ ಕಟ್ಟಿಸು ಎಂದ. ಕಥೆ ನಿಜವೋ ಸುಳ್ಳೋ ಎಂಬ ವಾದ ಇತಿಹಾಸಕಾರರದು. ಕಥೆ ಬರೆಯುವ ನಮಗೆ ಮುಖ್ಯವಾಗುವುದು ಬೇರೆ: ಒಂದು ಊರಿನ ಜನ ತಮ್ಮ ಸೇತುವೆ ಏಕೆ ಹುಟ್ಟಿತು ಎಂದು ಹೇಳಿಕೊಳ್ಳುವಾಗ ಯುದ್ಧವನ್ನಾಗಲಿ ವಿಜಯವನ್ನಾಗಲಿ ನೆನೆಯಲಿಲ್ಲ, ದೋಣಿ ತಪ್ಪಿಸಿಕೊಂಡ ಒಬ್ಬ ಹೆಂಗಸನ್ನು ನೆನೆದರು.

ಚಿತ್ರಕಾರ ನಿಂತದ್ದೂ ಆ ಹೆಂಗಸು ಕುಳಿತದ್ದೂ ಒಂದೇ ದಡ. ಇಬ್ಬರೂ ನೀರಿನಾಚೆ ನೋಡಿದವರೇ. ಅವಳ ಕಣ್ಣಿಗೆ ಸೇತುವೆ ಇರಲಿಲ್ಲ, ಆತನ ಕಣ್ಣಿಗೆ ಅವಳಿರಲಿಲ್ಲ. ಹಾಡ್ಜಸ್‌ನ ಚಿತ್ರದ ಬಗ್ಗೆ ನಮಗಿರುವ ತಕರಾರೂ ಮೆಚ್ಚುಗೆಯೂ ಈ ಒಂದು ಅಂತರದ ಸುತ್ತಲೇ ಇವೆ.

ಮೊದಲು ಮೆಚ್ಚುಗೆಯನ್ನು ಹೇಳಿಬಿಡೋಣ. ಹಾಡ್ಜಸ್ ಕಮ್ಮಾರನ ಮಗ. ರಿಚರ್ಡ್ ವಿಲ್ಸನ್ ಎಂಬ ಭೂದೃಶ್ಯ ಚಿತ್ರಕಾರನ ಬಳಿ ಕಲಿತವನು. 1772ರಿಂದ 1775ರವರೆಗೆ ಕ್ಯಾಪ್ಟನ್ ಕುಕ್‌ನ ಎರಡನೆಯ ಸಮುದ್ರಯಾನದಲ್ಲಿ ಜೊತೆಗಿದ್ದು ಪೆಸಿಫಿಕ್ ದ್ವೀಪಗಳನ್ನೂ ಹಿಮದ ಗಡ್ಡೆಗಳನ್ನೂ ಬರೆದವನು. ಅಂಥವನ ಕೈಗೆ ಬೆಳಕು ಗೊತ್ತಿತ್ತು. ಆತ ಬಳಸಿದ ಮುದ್ರಣದ ಬಗೆಗೆ ಅಕ್ವಾಟಿಂಟ್ ಎನ್ನುತ್ತಾರೆ. ತಾಮ್ರದ ತಗಡಿನ ಮೇಲೆ ರಾಳದ ನುಣುಪಾದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಾರೆ. ಪುಡಿಯ ಕಣಗಳ ನಡುವಿನ ಸಂದುಗಳನ್ನು ಆಮ್ಲ ಕಚ್ಚುತ್ತದೆ. ಹೆಚ್ಚು ಹೊತ್ತು ಕಚ್ಚಿದಲ್ಲಿ ಕತ್ತಲು, ಕಡಿಮೆ ಕಚ್ಚಿದಲ್ಲಿ ಮಬ್ಬು, ಮೇಣ ಹಚ್ಚಿ ಮುಚ್ಚಿದಲ್ಲಿ ಕಾಗದದ ಬಿಳಿ. ಗೆರೆ ಕೊರೆಯುವ ವಿಧಾನಕ್ಕಿಂತ ಇದು ಬೇರೆ. ಕುಂಚದಲ್ಲಿ ತೇವದ ಬಣ್ಣ ಎಳೆದಂತೆ ಕಾಣುತ್ತದೆ. ನೀರು, ನೆರಳು, ದೂರದ ಮಂಜು ಇವಕ್ಕೆ ಹೇಳಿ ಮಾಡಿಸಿದ್ದು. ಈ ತಗಡುಗಳನ್ನು ಹಾಡ್ಜಸ್ ಬೇರೆಯವರ ಕೈಗೆ ಕೊಡದೆ ತಾನೇ ಮಾಡಿದ. ಕಮಾನಿನ ಕೆಳಗಿನ ಕತ್ತಲೆ ಆತನ ಚಿತ್ರದಲ್ಲಿ ಬರಿಯ ಕಪ್ಪಲ್ಲ. ಕಲ್ಲಿನ ತೂಕ ಅಲ್ಲಿ ತಿಳಿಯುತ್ತದೆ.

ಆದರೆ ಈ ವಿಧಾನಕ್ಕೆ ಒಂದು ಮಿತಿಯೂ ಇದೆ. ನೆರಳನ್ನು ಹಿಡಿಯುವ ತಗಡು ಸಣ್ಣದನ್ನು ನುಂಗುತ್ತದೆ. ಇಂಥ ಚಿತ್ರಗಳಲ್ಲಿ ಮನುಷ್ಯರಿದ್ದರೂ ಅವರು ಕಟ್ಟಡದ ಎತ್ತರ ಹೇಳುವ ಅಳತೆಗೋಲುಗಳು. ಅವರ ತಲೆಯ ಮೇಲಿನ ಬುಟ್ಟಿಯಲ್ಲಿ ಏನಿದೆ ಎಂದು ನಾವು ಕೇಳುವಂತಿಲ್ಲ.

ಹಾಡ್ಜಸ್‌ನ ನಂತರ ಬಂದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಆತನ ಚಿತ್ರಗಳನ್ನು ಜೊತೆಗಿಟ್ಟುಕೊಂಡೇ ತಿರುಗಾಡಿದರು. ಸ್ಥಳದಲ್ಲಿ ನಿಂತು ಹೋಲಿಸಿ, ಇಲ್ಲಿ ತಪ್ಪಿದ್ದಾನೆ, ಅಲ್ಲಿ ತಪ್ಪಿದ್ದಾನೆ ಎಂದು ಗುರುತು ಹಾಕಿಕೊಂಡರು. ಅವರ ಬಳಿ ಕ್ಯಾಮೆರಾ ಅಬ್ಸ್‌ಕ್ಯುರಾ ಎಂಬ ಪೆಟ್ಟಿಗೆ ಇತ್ತು, ಅಳತೆ ಅಚ್ಚುಕಟ್ಟು. 1795ರಿಂದ 1808ರವರೆಗೆ ಅವರು ತಂದ 'ಓರಿಯಂಟಲ್ ಸೀನರಿ'ಯ 144 ಚಿತ್ರಗಳ ಮುಂದೆ ಹಾಡ್ಜಸ್ ಮಂಕಾದ. ನಮ್ಮ ಅಭಿರುಚಿ ಇಲ್ಲಿ ಸ್ವಲ್ಪ ಬೇರೆ. ಡೇನಿಯಲ್‌ಗಳ ಕಟ್ಟಡಗಳು ನಿನ್ನೆ ತೊಳೆದಿಟ್ಟಂತಿರುತ್ತವೆ. ಹಾಡ್ಜಸ್‌ನ ಕಟ್ಟಡಗಳಿಗೆ ವಯಸ್ಸಾಗಿರುತ್ತದೆ.

ವಯಸ್ಸಾಗಿರುವುದೇ ತೊಂದರೆಯ ಮೂಲವೂ ಹೌದು. ವಿಲ್ಸನ್‌ನ ಶಿಷ್ಯನಿಗೆ ಹಳೆಯ ಕಲ್ಲು ಕಂಡರೆ ರೋಮಿನ ಅವಶೇಷಗಳ ನೆನಪು. ರೋಮಿನ ಕಮಾನಿನ ಕೆಳಗೆ ದನ ಮೇಯಿಸುವವನನ್ನು ನಿಲ್ಲಿಸಿ, ಒಂದು ಕಾಲದ ವೈಭವ ಹೋಯಿತಲ್ಲ ಎಂದು ನಿಟ್ಟುಸಿರು ಬಿಡಿಸುವ ಚಿತ್ರಪರಂಪರೆ ಅದು. ಜೌನ್‌ಪುರದ ಸೇತುವೆ ಅವಶೇಷವಾಗಿರಲಿಲ್ಲ. ಹಾಡ್ಜಸ್ ಬಂದಾಗ ಅದರ ಮೇಲೆ ವ್ಯಾಪಾರ ನಡೆಯುತ್ತಿತ್ತು, ಜನ ದಾಟುತ್ತಿದ್ದರು. ಇಂದಿಗೂ ದಾಟುತ್ತಾರೆ. ಬದುಕಿರುವ ಒಂದು ವಸ್ತುವಿಗೆ ಸತ್ತದ್ದರ ಬೆಳಕು ಬಿದ್ದಿದೆ.

ಆ ಬೆಳಕು ಯಾರಿಗೆ ಬೇಕಿತ್ತು ಎಂದು ಹುಡುಕಿದರೆ ರಾಜಕೀಯಕ್ಕೆ ಬರುತ್ತೇವೆ. ಹಾಡ್ಜಸ್‌ನ ಪೋಷಕ ವಾರನ್ ಹೇಸ್ಟಿಂಗ್ಸ್. ಬನಾರಸಿನ ಸೀಮೆ ಅವಧದ ನವಾಬರಿಂದ ಕಂಪನಿಯ ಕೈಗೆ ಬಂದದ್ದು 1775ರಲ್ಲಿ, ಜೌನ್‌ಪುರ ಅದರೊಳಗಿತ್ತು. 1781ರಲ್ಲಿ ಬನಾರಸಿನ ರಾಜಾ ಚೇತ್ ಸಿಂಗ್ ತಿರುಗಿಬಿದ್ದಾಗ ಹೇಸ್ಟಿಂಗ್ಸ್ ಚುನಾರಿನ ಕೋಟೆಗೆ ಓಡಬೇಕಾಯಿತು. ಚಿತ್ರಕಾರನೂ ಆಗ ಆತನ ಸಂಗಡ ಇದ್ದ. ಅಂದರೆ ಈ ಚಿತ್ರಗಳ ಹಿಂದೆ ನಿಶ್ಚಿಂತೆಯ ಪ್ರವಾಸಿ ಇಲ್ಲ. ಹೊಸದಾಗಿ ಕೈಗೆ ಬಂದ, ಇನ್ನೂ ಕೈಗೆ ಒಗ್ಗದ ನಾಡಿನ ಭಯ ಇದೆ. ಚಿತ್ರದೊಳಗೆ ಆ ಭಯದ ಸುಳಿವಿಲ್ಲ. ಎಲ್ಲವೂ ಎಂದೋ ಮುಗಿದುಹೋದಂತೆ ಪ್ರಶಾಂತ.

1770ರ ದಶಕದಲ್ಲಿ ಗೋಮತಿಗೆ ಭಾರಿ ಪ್ರವಾಹ ಬಂದಿತ್ತು. ಸೇತುವೆಯ ಮೇಲೆಯೇ ನೀರು ಹರಿದು, ಕಂಪನಿಯ ಸೈನ್ಯದ ಒಂದು ಇಡೀ ಬ್ರಿಗೇಡು ದೋಣಿಗಳಲ್ಲಿ ಅದರ ಮೇಲಿಂದ ಹೋಯಿತಂತೆ. ಪ್ರವಾಹ ಇಳಿದ ಮೇಲೆ ಸೇತುವೆ ಇದ್ದಲ್ಲೇ ಇತ್ತು. ಕಂಬಗಳು ಅತಿ ದಪ್ಪ, ಕಂಡಿಗಳು ಕಿರಿದು, ಹಾಗಾಗಿ ನೀರು ಹಿಂದಕ್ಕೆ ಒತ್ತಿ ಉಕ್ಕುತ್ತದೆ ಎಂದು ಎಂಜಿನಿಯರು ತಪ್ಪು ಹಿಡಿಯಬಹುದು. ಆ ದಪ್ಪವೇ ಅದನ್ನು ಉಳಿಸಿದ್ದೂ ಸುಳ್ಳಲ್ಲ.

ಕನ್ನಡದ ಓದುಗರಿಗೆ ಇಲ್ಲೊಂದು ಕುತೂಹಲದ ಸಂಗತಿ ಹೇಳಬೇಕು. ಹಾಡ್ಜಸ್ 1780ರ ಆರಂಭದಲ್ಲಿ ಮೊದಲು ಇಳಿದದ್ದು ಮದ್ರಾಸಿನಲ್ಲಿ. ದಕ್ಷಿಣವನ್ನು ಸುತ್ತುವ ಆಸೆ ಇತ್ತು. ಅದೇ ವರ್ಷ ಜುಲೈನಲ್ಲಿ ಹೈದರ್ ಅಲಿ ಘಟ್ಟ ಇಳಿದು ಬಂದ. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಪಡೆ ಮಣ್ಣು ಮುಕ್ಕಿತು. ಹಳ್ಳಿಗಳ ಜನ ಗುಂಪುಗುಂಪಾಗಿ ಮದ್ರಾಸಿಗೆ ಓಡಿಬಂದದ್ದನ್ನು ಚಿತ್ರಕಾರ ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಯುದ್ಧ, ಮೇಲೆ ಅನಾರೋಗ್ಯ. ಆತ ಮದ್ರಾಸಿನಲ್ಲೇ ಸಿಕ್ಕಿಬಿದ್ದು, ಆಮೇಲೆ ಕಲ್ಕತ್ತೆಯ ಹಡಗು ಹತ್ತಿದ. ಹೈದರನ ಕುದುರೆಗಳು ಅಡ್ಡ ಬರದಿದ್ದರೆ ನಮ್ಮ ಕಡೆಯ ನದಿ, ಕೋಟೆಗಳೂ ಆ 48ರಲ್ಲಿ ಇರುತ್ತಿದ್ದವೋ ಏನೋ. ಮೈಸೂರಿನ ದೃಶ್ಯಗಳು ಇಂಗ್ಲೆಂಡಿಗೆ ಹೋಗಲು ಕಾರ್ನ್‌ವಾಲಿಸನ ಸೈನ್ಯ ಬರಬೇಕಾಯಿತು. ಆ ಸೈನ್ಯದ ಬೆನ್ನಿಗೆ ಬಂದ ರಾಬರ್ಟ್ ಹೋಮ್ 1794ರಲ್ಲಿ ಟಿಪ್ಪುವಿನ ನಾಡಿನ ಚಿತ್ರಗಳನ್ನು ಅಚ್ಚು ಹಾಕಿಸಿದ. ದಂಡು ಹೋದ ದಾರಿಯಲ್ಲಿ ಕುಂಚವೂ ಹೋಗಿದೆ. ಗೋಮತಿಯ ಪ್ರಶಾಂತ ಚಿತ್ರವನ್ನು ನೋಡುವಾಗ ಈ ದಾರಿಯನ್ನು ಮರೆಯಬಾರದು.

ಇನ್ನು ಚಿತ್ರದೊಳಗೆ ಬರಲಾರದ ಒಂದು ಸಂಗತಿ. ಉರ್ದು ಓದಿದವರಿಗೆ ಇದು ತುಂಬ ಹತ್ತಿರದ್ದು. ಈ ಸೇತುವೆಯ ಕಾಲವನ್ನು ಹೇಳುವ ಒಂದು ಪಾರ್ಸಿ ತಾರೀಖ್ ಇದೆ. ತಾರೀಖ್ ಎಂದರೆ ಇಲ್ಲಿ ಅಕ್ಷರಗಳ ಬೆಲೆಯನ್ನು ಕೂಡಿ ವರ್ಷ ತೆಗೆಯುವ ಪದ್ಯ. ಅಂಗಡಿಗಳಲ್ಲಿ, ಮದುವೆ ಕಾಗದಗಳಲ್ಲಿ 786 ಎಂದು ಬರೆದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಬಿಸ್ಮಿಲ್ಲಾದ ಅಕ್ಷರಗಳ ಮೊತ್ತ ಅದು. ಲೆಕ್ಕದ ಹೆಸರು ಅಬ್ಜದ್. ನಮ್ಮ ಸಂಗೀತಗಾರರು ಮಾಯಾಮಾಳವಗೌಳದ ಮೊದಲೆರಡು ಅಕ್ಷರಗಳಿಂದ 15ನೆಯ ಮೇಳ ಎಂದು ತೆಗೆಯುವ ಕಟಪಯಾದಿಗೆ ಇದು ದೂರದ ದಾಯಾದಿ.

ಜೌನ್‌ಪುರದ ತಾರೀಖ್ ಸಾಮಾನ್ಯವಾದದ್ದಲ್ಲ. 'ಸಿರಾತುಲ್ ಮುಸ್ತಕೀಮ್' ಎಂಬ ಮಾತಿನಿಂದ 'ಬದ್' ಎಂಬ ಪದವನ್ನು ಎಸೆದರೆ ವರ್ಷ ಸಿಗುತ್ತದೆ ಎಂದು ಕವಿ ಹೇಳುತ್ತಾನೆ. ಸ್ವಾದ್ 90, ರೇ 200, ಅಲಿಫ್ 1, ತೋಯ್ 9, ಒಟ್ಟು 300. ಮುಂದೆ ಅಲಿಫ್ 1, ಲಾಮ್ 30, ಮೀಮ್ 40, ಸೀನ್ 60, ತೇ 400, ಕಾಫ್ 100, ಯೇ 10, ಮತ್ತೆ ಮೀಮ್ 40; ಒಟ್ಟು 681. ಎರಡೂ ಸೇರಿ 981. 'ಬದ್' ಎಂಬುದರಲ್ಲಿ ಬೇ 2, ದಾಲ್ 4, ಆರು. ಕಳೆದರೆ 975. ಹಿಜರಿ 975 ಎಂದರೆ 1567-68.

ಸಿರಾತುಲ್ ಮುಸ್ತಕೀಮ್ ಅಂದರೆ ನೇರವಾದ ದಾರಿ. ಮುಸ್ಲಿಮನೊಬ್ಬ ನಮಾಜಿನ ಪ್ರತಿ ರಕಾತಿನಲ್ಲೂ ಸೂರಾ ಫಾತಿಹಾ ಓದುತ್ತ ದೇವರಲ್ಲಿ ಬೇಡುವುದು ಅದನ್ನೇ. ಸಿರಾತ್ ಎಂದೊಡನೆ ನೆನಪಾಗುವ ಇನ್ನೊಂದು, ಪುಲ್‌ಸಿರಾತ್. ಅಂತ್ಯದಿನದಂದು ಎಲ್ಲರೂ ದಾಟಬೇಕಾದ, ಕೂದಲಿಗಿಂತ ತೆಳುವಾದ, ಕತ್ತಿಗಿಂತ ಹರಿತವಾದ ಸೇತುವೆ. 'ಬದ್' ಎಂದರೆ ಕೆಟ್ಟದ್ದು. ಕವಿಯ ಚಮತ್ಕಾರ ನೋಡಿ. ದಾರಿಯಿಂದ ಕೆಟ್ಟದ್ದನ್ನು ತೆಗೆದು ಹಾಕಿ, ಉಳಿಯುವುದೇ ಈ ಸೇತುವೆ. ಕಲ್ಲು ಗಾರೆಯ ಒಂದು ಸರ್ಕಾರಿ ಕಾಮಗಾರಿಯ ಬಗ್ಗೆ ಆಡಿದ ಮಾತು ಇದು. ಗುದ್ದಲಿ ಪೂಜೆಯ ನಾಮಫಲಕಗಳನ್ನು ದಿನವೂ ಓದುವ ನಮಗೆ ಹೊಟ್ಟೆಕಿಚ್ಚಾಗುತ್ತದೆ.

ಇದನ್ನು ತಿಳಿದ ಮೇಲೆ ಹಾಡ್ಜಸ್‌ನ ಚಿತ್ರ ಬೇರೆಯಾಗಿ ಕಾಣುತ್ತದೆ. ಕಟ್ಟಿದವರಿಗೆ ಅದು ನಡೆಯುವ ದಾರಿ, ಆಚೆಗೆ ತಲುಪಿಸುವ ದಾರಿ, ನೋಡುವ ವಸ್ತುವಲ್ಲ. ತಾರೀಖಿನಲ್ಲಿ ಕಮಾನಿನ ಅಂದದ ಮಾತಿಲ್ಲ, ಎತ್ತರ ಉದ್ದದ ಹೆಮ್ಮೆಯಿಲ್ಲ. ಚಿತ್ರದಲ್ಲಿ ಇರುವುದೆಲ್ಲ ಅದೇ. ಒಂದೇ ಸೇತುವೆಯನ್ನು ಇಬ್ಬರು ಎರಡು ಕಡೆಯಿಂದ ಓದಿದ್ದಾರೆ, ಒಬ್ಬ ಉದ್ದಕ್ಕೆ, ಒಬ್ಬ ಅಡ್ಡಕ್ಕೆ.

ಅಲ್ಲಿಗೆ ಹಾಡ್ಜಸ್‌ನನ್ನು ಕಟಕಟೆಯಲ್ಲಿ ನಿಲ್ಲಿಸಿ ಹೋಗಿಬಿಡುವುದು ಅನ್ಯಾಯ. 1787ರಲ್ಲಿ ಆತ ಹಿಂದೂ, ಮೂರಿಷ್ ಮತ್ತು ಗಾಥಿಕ್ ವಾಸ್ತುವಿನ ಮೂಲರೂಪಗಳ ಬಗ್ಗೆ ಒಂದು ಪ್ರಬಂಧ ಬರೆದ. ಮೂರಿಷ್ ಎಂದರೆ ಆ ಕಾಲದ ಬಾಯಲ್ಲಿ ಮುಸ್ಲಿಮರದ್ದು. ಗ್ರೀಕರ ಕಟ್ಟಡವೇ ಎಲ್ಲಕ್ಕೂ ಅಳತೆ ಎಂದು ಲಂಡನ್ನಿನ ಪಂಡಿತರು ನಂಬಿದ್ದ ದಿನಗಳಲ್ಲಿ, ಹಾಗಲ್ಲ, ಒಂದೊಂದು ನಾಡಿನ ಕಟ್ಟಡಕ್ಕೂ ಅದರದೇ ಬೇರಿದೆ, ಅದನ್ನು ಅದರ ನೆಲದಲ್ಲಿಟ್ಟೇ ತೂಗಬೇಕು ಎಂದು ವಾದಿಸಿದ. ಹೇಳಿದ್ದು ಸಣ್ಣ ಮಾತಲ್ಲ. ರಾಯಲ್ ಅಕಾಡೆಮಿಯ ಅಧ್ಯಕ್ಷ ಜೋಶುವಾ ರೆನಾಲ್ಡ್ಸ್ 1786ರ ತನ್ನ ಉಪನ್ಯಾಸದಲ್ಲಿ ಏಷ್ಯಾದ ಕಟ್ಟಡಗಳಿಂದ ಸುಳಿವುಗಳನ್ನು ಪಡೆಯಬಹುದು, ನಕಲು ಮಾಡುವುದು ಬೇಡ ಎಂದಷ್ಟೇ ಹೇಳಿದ್ದ. ಶಿಷ್ಯಪ್ರಾಯನಾದ ಹಾಡ್ಜಸ್ ಅಧ್ಯಕ್ಷನಿಗಿಂತ ಒಂದು ಹೆಜ್ಜೆ ಮುಂದೆ ಇದ್ದ. ಆತನ ಲೇಖನಿಗೆ ತಿಳಿದದ್ದು ಆತನ ಕುಂಚಕ್ಕೆ ಇಳಿಯಲಿಲ್ಲ. ನಮ್ಮ ಎಷ್ಟೋ ಕಥೆಗಾರರ ಪಾಡೂ ಇದೇ. ಮುನ್ನುಡಿಯಲ್ಲಿ ಇರುವ ತಿಳಿವು ಕಥೆಯಲ್ಲಿ ಇರುವುದಿಲ್ಲ. ಹಾಡ್ಜಸ್‌ನ ಕೊನೆ ಚೆನ್ನಾಗಿರಲಿಲ್ಲ. ಚಿತ್ರ ಬಿಟ್ಟು ಬ್ಯಾಂಕಿನ ವ್ಯವಹಾರಕ್ಕಿಳಿದು, ಬ್ಯಾಂಕು ಮುಳುಗಿ, 1797ರಲ್ಲಿ ತೀರಿಕೊಂಡ.

ವಿಚಿತ್ರವೆಂದರೆ ದಡದ ಹೆಂಗಸನ್ನು ಇಂಗ್ಲಿಷಿಗೆ ಕರೆತಂದವನು ಸಾಮ್ರಾಜ್ಯದ ಕವಿ ಎಂದೇ ಹೆಸರಾದ ರಡ್ಯಾರ್ಡ್ ಕಿಪ್ಲಿಂಗ್. 1932ರ ಆತನ ಸಂಕಲನದಲ್ಲಿ 'ಅಕ್ಬರ್ಸ್ ಬ್ರಿಜ್' ಎಂಬ ಕವಿತೆ ಇದೆ. ಜೌನ್‌ಪುರದಲ್ಲಿ ಮಸೀದಿ ಕಟ್ಟಿಸಬೇಕೆಂದಿದ್ದ ಬಾದಶಹ, ತಾನು ಯಾರೆಂದು ಗೊತ್ತಿಲ್ಲದ ಮುದುಕಿಯೊಬ್ಬಳ ಬೈಗುಳ ಕೇಳಿ, ಅವಳನ್ನು ದಾಟಿಸಿ, ಸೇತುವೆಗೆ ಅಪ್ಪಣೆ ಕೊಡುತ್ತಾನೆ. ಕಿಪ್ಲಿಂಗ್‌ನ ರಾಜಕೀಯವನ್ನು ನಾವು ಒಪ್ಪುವುದಿಲ್ಲ. ಒಳ್ಳೆಯ ದೊರೆ ಇದ್ದರೆ ಸಾಕು ಎಂಬ ಆತನ ನಂಬಿಕೆಗೆ ಅಕ್ಬರ್ ಒದಗಿಬಂದ ಎಂದೂ ಹೇಳಬಹುದು. ಆದರೂ ಮುದುಕಿ ಆ ಕವಿತೆಯಲ್ಲಿ ಬೈಯುತ್ತಾಳೆ, ಬಾಯಿ ಮುಚ್ಚಿ ನಿಲ್ಲುವುದಿಲ್ಲ. ಜನರ ಬಾಯಲ್ಲಿ ಬೆಳೆದ ಕಥೆಗೆ ಅಷ್ಟು ಬಲವಿರುತ್ತದೆ.

ಈ ಪತ್ರಿಕೆಯ ಮುಸ್ಲಿಮ್ ಓದುಗರಿಗೆ ಒಂದು ಮಾತು, ಕಹಿ ಅನಿಸಿದರೂ. ಹಾಡ್ಜಸ್‌ನ ಕಂದು ಬೆಳಕನ್ನು ನಾವೂ ಎರವಲು ಪಡೆದಿದ್ದೇವೆ. ಉರ್ದು ಶಾಲೆಗಳಲ್ಲಿ ಓದಿದ ನಮ್ಮ ತಲೆಮಾರಿಗೆ 'ಅಜ್ಮತ್-ಎ-ರಫ್ತಾ', ಗತಿಸಿದ ಹಿರಿಮೆ, ಎಂಬ ಪದ ಬಾಯಿಪಾಠ. ತಾಜ್ ಮಹಲ್, ಕುತುಬ್ ಮಿನಾರ್, ವಿಜಾಪುರದ ಗೋಲಗುಮ್ಮಟ; ಎಲ್ಲದರ ಎದುರೂ ಅದೇ ನಿಟ್ಟುಸಿರು. ಜೌನ್‌ಪುರ ಎಂದರೆ ಶರ್ಕಿ ಸುಲ್ತಾನರು, 1408ರ ಅಟಾಲಾ ಮಸೀದಿ, ಶಿರಾಜ್-ಎ-ಹಿಂದ್ ಎಂಬ ಬಿರುದು ಎಂದು ಪಟ್ಟಿ ಒಪ್ಪಿಸುತ್ತೇವೆ. ಹುಸೇನ್ ಶಾಹ್ ಶರ್ಕಿಯ ಹೆಸರಿಗೆ ಅಂಟಿಕೊಂಡಿರುವ ಜೌನ್‌ಪುರಿ ರಾಗವನ್ನು ಧಾರವಾಡದ ಕಡೆಯ ಬೈಠಕ್ಕುಗಳಲ್ಲಿ ಕೇಳಿದವರಿದ್ದಾರೆ. ಜೌನ್‌ಪುರದ ಸೈಯದ್ ಮುಹಮ್ಮದರ ಅನುಯಾಯಿಗಳಾದ ಮಹದವಿಗಳು ನಮ್ಮ ಚನ್ನಪಟ್ಟಣದಲ್ಲೇ ಇದ್ದಾರೆ. ಇಷ್ಟೆಲ್ಲ ಗೊತ್ತಿದ್ದವರೂ ಸೇತುವೆಯ ಹೆಸರೆತ್ತುವುದು ಕಡಿಮೆ. ಅದಕ್ಕೆ ಗುಮ್ಮಟವಿಲ್ಲ, ಮಿನಾರವಿಲ್ಲ. ಅದು 'ನಮ್ಮದು' ಎಂದು ತಟ್ಟನೆ ಹೇಳಿಕೊಳ್ಳಲು ಬರುವುದಿಲ್ಲ.

'ಅವರದು' ಎಂದು ಕಿತ್ತುಕೊಳ್ಳಲೂ ಬರುವುದಿಲ್ಲ ಎನ್ನುವುದನ್ನೂ ಗಮನಿಸಬೇಕು. ಅಟಾಲಾ ಮಸೀದಿಯ ಮೇಲಿನ ದಾವೆ 2024ರಲ್ಲಿ ನ್ಯಾಯಾಲಯದ ಬಾಗಿಲಿಗೆ ಬಂತು. ಅಲ್ಲಿಂದ ಸ್ವಲ್ಪವೇ ದೂರದಲ್ಲಿರುವ ಪುಲ್ ಯಾರದು ಎಂದು ಕೇಳಿ ಯಾರೂ ಅರ್ಜಿ ಹಾಕಿಲ್ಲ. ಆ ಪುಲ್ಲಿನ ಬಳಿ ಒಂದು ಹಳೆಯ ಶಿಲ್ಪವಿದೆ, ಆನೆಯ ಮೇಲೆರಗಿದ ಸಿಂಹ. ಮೊಗಲರಿಗಿಂತ ಬಹಳ ಹಿಂದಿನದು. ಕನ್ನಡ ನಾಡಿನ ಗುಡಿಗಳಲ್ಲಿ ಅಂಥದನ್ನು ಕಂಡ ನಮಗೆ ಅದು ಅಪರಿಚಿತವಲ್ಲ. ಬೇರೆ ಯಾವುದೋ ಕಾಲದ, ಬೇರೆ ಯಾರದೋ ಕಲ್ಲು ದಾರಿಹೋಕರ ಪಕ್ಕದಲ್ಲಿ ಕುಳಿತಿದೆ; ಯಾರೂ ಅದನ್ನು ಏಳಿಸಿಲ್ಲ.

ಮುನೀಮ್ ಖಾನನ ಹೆಸರನ್ನು ಎಷ್ಟು ಜನ ಬಲ್ಲರೋ ತಿಳಿಯದು. ಖಾನ್-ಎ-ಖಾನಾನ್ ಎಂಬ ದೊಡ್ಡ ಬಿರುದಿನ ಆ ಮುದಿ ಸರದಾರ 1575ರಲ್ಲಿ ಬಂಗಾಳದ ಸಾಂಕ್ರಾಮಿಕ ರೋಗಕ್ಕೆ ಸಿಕ್ಕಿ ತೀರಿಕೊಂಡ. ನಕ್ಷೆ ಹಾಕಿದವನು ಅಫ್ಜಲ್ ಅಲಿ ಎಂಬ ಕಾಬೂಲಿನವನು. ಊರವರು ಅಕ್ಬರಿ ಪುಲ್, ಶಾಹೀ ಪುಲ್ ಎನ್ನುತ್ತಾರೆ. ನಮ್ಮ ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಟ್ಟಿಸಿದ ಕಲ್ಲಿನ ಸೇತುವೆಗೆ ವೆಲ್ಲೆಸ್ಲಿಯ ಹೆಸರು. ಕಟ್ಟಿಸಿದವರ ಹೆಸರು ಸೇತುವೆಗಳ ಮೇಲೆ ಹೆಚ್ಚು ಕಾಲ ನಿಲ್ಲುವುದಿಲ್ಲವೇನೋ.

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳವನ್ನು ನಡುಗಿಸಿದ ಭೂಕಂಪ ಜೌನ್‌ಪುರವನ್ನೂ ಮುಟ್ಟಿತು. ಸೇತುವೆಯ 15 ಕಮಾನುಗಳಲ್ಲಿ ಏಳನ್ನು ಮತ್ತೆ ಕಟ್ಟಬೇಕಾಯಿತು. ಅವು ಬೀಳುವ ಮೊದಲು ಹೇಗಿದ್ದವು ಎಂದು ತಿಳಿಯಬೇಕಾದವರು ಈಗ ಹಾಡ್ಜಸ್‌ನ ಕಂದು ಚಿತ್ರವನ್ನೂ ತೆಗೆದು ನೋಡಬೇಕು; ದಡದಲ್ಲಿ ನಿಂತವನಿಂದ ಆದ ಉಪಕಾರ ಅದು. ಮೇಲೆ ಸೈಕಲ್ಲು, ರಿಕ್ಷಾಗಳಲ್ಲಿ ಹೋಗುವವರಿಗೆ ಹಳೆಯ ಎಂಟು ಯಾವುವು, ಹೊಸ ಏಳು ಯಾವುವು ಎಂಬುದು ಕಾಲಡಿಯಲ್ಲಿ ತಿಳಿಯುವುದಿಲ್ಲ.